ಲಿಮಿಟ್ ಪೋಕರ್: ಜೋಡಿ ಎಕ್ಕ ಹಿಡಿದು ಎಲೆ ಬಿಟ್ಟೆ, ತಪ್ಪಾ?

ಜಗಲಿಕಟ್ಟೆ · ಭಾನುವಾರ, ಬೆಳಿಗ್ಗೆ 6:50

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮಳೆ ಸದ್ದಿಗಲ್ಲ, ಅದು ನಮಗೆ ಜೋಗುಳ. ನಾಲ್ಕು ಹುಣಸೆ ಬೀಜದ ವಿಷಯ.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಶನಿವಾರ ಊಟ ಮುಗಿಸಿ ಆರು ಜನ ಜಗಲಿಯಲ್ಲಿ ಕೂರುತ್ತೇವೆ. ಮೊದಲೆಲ್ಲ ರಮ್ಮಿ ಆಡುತ್ತಿದ್ದೆವು. ಈಗ ಎರಡು ವರ್ಷದಿಂದ ಲಿಮಿಟ್ ಹೋಲ್ಡೆಮ್. ಭಾವ ಬೆಂಗಳೂರಲ್ಲಿದ್ದಾಗ ಕಲಿತು ಬಂದದ್ದು. ದುಡ್ಡಿನ ಆಟ ಅಲ್ಲ. ತಲೆಗೆ ನೂರು ಹುಣಸೆ ಬೀಜ. ಕೊನೆಗೆ ಯಾರ ಹತ್ತಿರ ಕಡಿಮೆ ಉಳಿಯುತ್ತದೋ ಅವರು ಮುಂದಿನ ವಾರ ಎಲ್ಲರಿಗೂ ಹಲಸಿನ ಹಪ್ಪಳ ಸುಡಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೈಗೆ ಎರಡೆಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು ಬಿಚ್ಚುತ್ತಾರೆ, ಅದು ಫ್ಲಾಪ್. ನಾಲ್ಕನೆಯದು ಟರ್ನ್, ಐದನೆಯದು ರಿವರ್. ಈ ಏಳರಲ್ಲಿ ಯಾರ ಐದು ಎಲೆ ದೊಡ್ಡದೋ ನಡುವಿನ ಬೀಜವೆಲ್ಲ ಅವರಿಗೆ, ಅದೇ ಪಾಟ್. ಲಿಮಿಟ್ ಅಂದರೆ ಬೆಟ್ ಎಷ್ಟು ಅಂತ ಮೊದಲೇ ನಿಗದಿ. ನಮ್ಮಲ್ಲಿ ಮೊದಲ ಎರಡು ಸುತ್ತಿಗೆ 2 ಬೀಜ, ಕೊನೆಯ ಎರಡು ಸುತ್ತಿಗೆ 4 ಬೀಜ. ಎಂಥಾ ಎಲೆ ಬಂದರೂ ಇದ್ದದ್ದೆಲ್ಲ ಒಟ್ಟಿಗೆ ನೂಕುವ ಹಾಗಿಲ್ಲ. ಒಂದು ಸುತ್ತಿಗೆ ಒಂದು ಬೆಟ್, ಮೂರು ರೇಸ್, ಅಂದರೆ ಬೆಟ್ ಏರಿಸುವುದು. ಅಲ್ಲಿಗೆ ನಿಂತಿತು. ಕಾಲ್ ಅಂದರೆ ಎದುರಿನವರು ಹಾಕಿದಷ್ಟೇ ಹಾಕುವುದು, ಚೆಕ್ ಅಂದರೆ ಬೆಟ್ ಹಾಕದೆ ಸುಮ್ಮನಿರುವುದು, ಎಲೆ ಬಿಡುವುದು ಅಂದರೆ ಆ ಕೈ ಬಿಟ್ಟುಕೊಡುವುದು.

ಈಗ ನಿನ್ನೆಯ ಕೈ. ನನಗೆ ಜೋಡಿ ಎಕ್ಕ ಬಂತು, ಇಸ್ಪೀಟು ಮತ್ತು ಆಟೀನ್. ರೇಸ್ ಮಾಡಿ 4 ಹಾಕಿದೆ. ಭಾವ ಕಾಲ್ ಮಾಡಿದರು. ಅತ್ತಿಗೆ ಮೊದಲೇ ಇಟ್ಟಿದ್ದ 1 ಬೀಜ ಬಿಟ್ಟು ಎದ್ದು ಹೋದರು, ಕಷಾಯ ಉಕ್ಕುತ್ತಿತ್ತು. ದೊಡ್ಡ ಬ್ಲೈಂಡ್‌ನಲ್ಲಿದ್ದ, ಅಂದರೆ ಎಲೆ ನೋಡುವ ಮೊದಲೇ 2 ಬೀಜ ಇಟ್ಟಿದ್ದ, ಪಕ್ಕದ್ಮನೆ ಮೇಷ್ಟ್ರು ಇನ್ನೆರಡು ಸೇರಿಸಿದರು. ನಡುವೆ 13.

ಫ್ಲಾಪ್: ಇಸ್ಪೀಟು ಒಂಬತ್ತು, ಡೈಮನ್ ಎಂಟು, ಕಳಾವರ್ ನಾಲ್ಕು. ಮೇಷ್ಟ್ರು ಚೆಕ್. ನಾನು 2 ಹಾಕಿದೆ. ಇಬ್ಬರೂ ಬಂದರು. ನಡುವೆ 19.

ಟರ್ನ್: ಡೈಮನ್ ಏಳು. ಮೇಷ್ಟ್ರು ಮತ್ತೆ ಚೆಕ್. ನಾನು 4 ಹಾಕಿದೆ. ಭಾವ ಎಲೆ ಬಿಟ್ಟರು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು 8 ಇಟ್ಟರು. ಎರಡು ವರ್ಷದಲ್ಲಿ ಅವರು ರೇಸ್ ಮಾಡಿದ್ದನ್ನು ಬೆರಳಲ್ಲಿ ಎಣಿಸಬಹುದು. ಆದರೂ ಇನ್ನು 4 ಕೊಟ್ಟೆ.

ರಿವರ್: ಆಟೀನ್ ಎರಡು. ಯಾರಿಗೂ ಉಪಯೋಗ ಇಲ್ಲದ ಎಲೆ. ಮೇಷ್ಟ್ರು 4 ಹಾಕಿದರು. ನಡುವೆ 39. ನಾನು ಬಿಟ್ಟೆ. ಅವರು ಎಲೆ ತೋರಿಸಲಿಲ್ಲ, ಕಟ್ಟಿಗೆ ಸೇರಿಸಿ ಕಲಸಿಬಿಟ್ಟರು.

ಭಾವ ಅಂತಾರೆ, ಲಿಮಿಟ್‌ನಲ್ಲಿ ಜೋಡಿ ಎಕ್ಕ ಬಿಡುವವನಿಗೆ ತಲೆ ಸರಿ ಇಲ್ಲ ಅಂತ. ನೀವು ಹೇಳಿ.

ಸಾಗರದ ಸೀಗೆ · 7:35

ಬಿಟ್ಟದ್ದು ಸರಿ. ಎರಡು ವರ್ಷಕ್ಕೊಂದು ಸಲ ಬಾಯಿ ಬಿಡುವವರು ಬಾಯಿ ಬಿಟ್ಟರೆ ನಂಬಬೇಕು.

ಬೀಜಗಣಿತ · 8:20

ಸೀಗೆಯವರೇ, ಅಷ್ಟು ಸಲೀಸಲ್ಲ. ರಿವರಿನಲ್ಲಿ ಇವರ ಮುಂದೆ ಇದ್ದ ಲೆಕ್ಕ ನೋಡಿ. 4 ಬೀಜ ಕೊಟ್ಟರೆ 39 ಸಿಗಬಹುದು. ಹತ್ತು ಸಲ ಇದೇ ಕೈ ಬಂತು ಅಂದುಕೊಳ್ಳಿ. ಒಂಬತ್ತು ಸಲ ಸೋತರೆ 36 ಬೀಜ ಹೋಯಿತು. ಒಂದೇ ಒಂದು ಸಲ ಗೆದ್ದರೆ 39 ಬಂತು. ಮೂರು ಬೀಜ ಲಾಭ. ಅಂದರೆ ಹತ್ತಕ್ಕೆ ಒಂಬತ್ತು ಸಲ ಮೇಷ್ಟ್ರ ಹತ್ತಿರ ನಿಜವಾಗಿ ದೊಡ್ಡ ಎಲೆ ಇದ್ದರೂ ಕಾಲ್ ಮಾಡುವುದೇ ಸರಿ.

ಲಿಮಿಟ್ ಆಟದ ಗುಟ್ಟೇ ಇದು. ತಪ್ಪು ಕಾಲ್‌ಗೆ ದಂಡ ಒಂದು ಬೆಟ್. ತಪ್ಪಾಗಿ ಎಲೆ ಬಿಟ್ಟರೆ ದಂಡ ಇಡೀ ಪಾಟ್. ಎರಡೂ ತಪ್ಪೇ. ಆದರೆ ಒಂದಕ್ಕೆ 4, ಇನ್ನೊಂದಕ್ಕೆ 39. ಬೆಟ್‌ಗೆ ಮಿತಿ ಇಲ್ಲದ ನೋ ಲಿಮಿಟ್‌ನಲ್ಲಿ ಹಾಗಲ್ಲ, ಅಲ್ಲಿ ಎದುರಿನವರು ಪಾಟ್‌ನಷ್ಟೇ ಬೆಟ್ ಹಾಕಿದರೆ ಮೂರಕ್ಕೆ ಒಂದು ಸಲವಾದರೂ ಗೆಲ್ಲಬೇಕು. ಟಿವಿಯಲ್ಲಿ ದೊಡ್ಡ ದೊಡ್ಡವರು ಜೋಡಿ ರಾಜ ಬಿಸಾಕುವುದನ್ನು ನೋಡಿ ಅದನ್ನೇ ಇಲ್ಲಿಗೆ ತಂದರೆ ಕೆಲಸ ಕೆಟ್ಟಿತು.

ಸಾಗರದ ಸೀಗೆ · 8:41

ಒಪ್ಪಿದೆ. ಆದರೆ ಹತ್ತಕ್ಕೆ ಹತ್ತೂ ಸಲ ಅವರ ಹತ್ತಿರ ಇದ್ದರೆ? ಆಗ 40 ಬೀಜ ಹೋಯಿತು ಸ್ವಾಮಿ, ಬಂದದ್ದು ಸೊನ್ನೆ.

ಬೀಜಗಣಿತ · 8:44

ಹತ್ತಕ್ಕೆ ಹತ್ತು ಅಂತ ಯಾರ ಬಗ್ಗೆಯೂ ಹೇಳಲಾಗದು. ಮೇಷ್ಟ್ರು ಮನುಷ್ಯರು ತಾನೇ.

ಹದಿಮೂರೆಲೆ · 9:30

ನಾನು ರಮ್ಮಿಯವನು. ಮೂವತ್ತು ವರ್ಷದಿಂದ ಅದೇ. ಇವರು ಎಲೆ ಬಿಟ್ಟದ್ದು ಯಾಕೆ ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದು ರಮ್ಮಿಯ ಬುದ್ಧಿ.

ರಮ್ಮಿಯಲ್ಲಿ ಮೊದಲೇ ಡ್ರಾಪ್ ಹೊಡೆದರೆ 20 ಪಾಯಿಂಟ್ ದಂಡ. ನಡುವೆ ಬಿಟ್ಟರೆ 40. ಕೊನೆತನಕ ಕೂತು ಸಿಕ್ಕಿಬಿದ್ದರೆ 80ರ ತನಕ. ಅಲ್ಲಿ ಕೂರುವುದಕ್ಕೆ ಬೆಲೆ ಜಾಸ್ತಿ, ಏಳುವುದು ಅಗ್ಗ. ಎಲೆ ನೋಡಿದ ಕೂಡಲೇ ಜೋಕರೂ ಇಲ್ಲ, ಸೀಕ್ವೆನ್ಸೂ ಇಲ್ಲ ಅಂದರೆ ಮರ್ಯಾದೆಯಿಂದ ಏಳಬೇಕು. ನಮ್ಮಪ್ಪ ಕಲಿಸಿದ ಮೊದಲ ಪಾಠವೇ ಅದು.

ಈ ಲಿಮಿಟ್ ಆಟ ಅದರ ತಿರುಗುಮುರುಗು ಇದ್ದ ಹಾಗಿದೆ. ಶುರುವಿನಲ್ಲಿ ಎಲೆ ಬಿಡುವುದು ಅಗ್ಗ, ಅಲ್ಲಿ ನಡುವೆ ಏನೂ ಇರುವುದಿಲ್ಲ. ಹೋಗ್ತಾ ಹೋಗ್ತಾ ಪಾಟ್ ಬೆಳೆಯುತ್ತದೆ, ಬೆಟ್ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಕೊನೆಗೆ ಕೂರುವುದೇ ಅಗ್ಗ. ಹೌದಲ್ವಾ?

ನಡುವೆ ಒಂದು ಮಾತು. 1968ರಲ್ಲೇ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಹೇಳಿದೆ. ಮನೆಯವಳಿಗೆ ಹೇಳಿ ಹೇಳಿ ಸಾಕಾಯಿತು, ನಂಬುವುದಿಲ್ಲ.

ಬೀಜಗಣಿತ · 9:52

ನೂರಕ್ಕೆ ನೂರು ಸರಿ. ಎರಡೂ ಆಟದ ವ್ಯತ್ಯಾಸವನ್ನು ನೀವು ನನಗಿಂತ ಚೆನ್ನಾಗಿ ಹೇಳಿದಿರಿ.

ಮೈಲುತುತ್ತ · 11:15

ತೋಟಕ್ಕೆ ಔಷಧಿ ಹೊಡೆಸುವವರು ಇವತ್ತೂ ಬರಲಿಲ್ಲ. ಮಳೆ ಹೊಳವಾಗಲಿ ಅಂತ ಕಾದು ಕೂತಿದ್ದೇನೆ. ಕೈಯಲ್ಲಿ ಪೆನ್ನು ಇದೆ, ಲೆಕ್ಕ ಹಾಕಿಬಿಟ್ಟೆ.

ಬೀಜಗಣಿತದವರು ‘ಹತ್ತಕ್ಕೆ ಒಂದು ಸಲ ಗೆದ್ದರೆ ಸಾಕು’ ಅಂದರು. ಆ ಒಂದು ಸಲ ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ. ಅದನ್ನು ಮುಖ ನೋಡಿ ಹೇಳುವ ಬದಲು ಎಲೆ ಎಣಿಸಿ ಹೇಳಬಹುದು.

ನಡುವೆ ಇದ್ದದ್ದು 9, 8, 4, 7, 2. ಜೋಡಿ ಎಕ್ಕವನ್ನು ಸೋಲಿಸುವ ಯಾವ ಎಲೆ ಹಿಡಿದು ಮೇಷ್ಟ್ರು ಹೀಗೆ ಆಡಬಹುದು?

ಗುಲಾಮ-ಹತ್ತು: ಸೀಕ್ವೆನ್ಸ್. ನಾಲ್ಕು ಗುಲಾಮ, ನಾಲ್ಕು ಹತ್ತು, ಒಟ್ಟು 16 ರೀತಿ. ಆರು-ಐದು: ಅದೂ ಸೀಕ್ವೆನ್ಸ್. ಆದರೆ ಎರಡೂ ಇಸ್ಪೀಟು, ಇಲ್ಲ ಎರಡೂ ಆಟೀನ್, ಹೀಗೆ ಒಂದೇ ಜಾತಿಯದ್ದಾದರೆ ಮಾತ್ರ ಮೇಷ್ಟ್ರು ರೇಸಿಗೆ ಬರುತ್ತಾರೆ ಅಂದುಕೊಂಡೆ, 4 ರೀತಿ. ಕೈಯಲ್ಲಿ ಜೋಡಿ ಇದ್ದು ಮೂರು ಒಂದೇ ಆಗಿದ್ದರೆ: ಒಂಬತ್ತು, ಎಂಟು, ಏಳು, ನಾಲ್ಕು, ಒಂದೊಂದಕ್ಕೆ 3 ರೀತಿ, ಒಟ್ಟು 12. ಎರಡು ಜೋಡಿ: ಒಂಬತ್ತು-ಎಂಟು 9 ರೀತಿ, ಎಂಟು-ಏಳು 9 ರೀತಿ. ಎಲ್ಲ ಸೇರಿ 50.

ಈಗ 39ಕ್ಕೆ 4 ಕೊಡಬೇಕಾದರೆ ಸುಮಾರು 9.3% ಗೆಲ್ಲಬೇಕು. 50 ಸೋಲಿನ ರೀತಿಗೆ ಎದುರಾಗಿ ಐದಕ್ಕಿಂತ ಸ್ವಲ್ಪ ಜಾಸ್ತಿ ಗೆಲುವಿನ ರೀತಿ ಇದ್ದರೆ ಸಾಕು.

ಹತ್ತು-ಒಂಬತ್ತು ನೋಡಿ. ಟರ್ನ್‌ನಲ್ಲಿ ಅದಕ್ಕೆ ಒಂಬತ್ತರ ಜೋಡಿಯೂ ಇದೆ, ಸೀಕ್ವೆನ್ಸಿಗೆ ಎರಡೂ ಕಡೆ ಬಾಗಿಲೂ ತೆರೆದಿದೆ. ಆರು ಬಂದರೂ ಆಯಿತು, ಗುಲಾಮ ಬಂದರೂ ಆಯಿತು. ಹುರುಪಿನಲ್ಲಿ ರೇಸ್ ಮಾಡುವ ಎಲೆಯೇ ಅದು. ಮೂರು ಒಂಬತ್ತು ಉಳಿದಿವೆ, ನಾಲ್ಕು ಹತ್ತು. 12 ರೀತಿ. ಅದರಲ್ಲಿ ಅರ್ಧ ಸಲ ಮೇಷ್ಟ್ರು ಹೀಗೆ ಆಡಿದರೂ 6 ಆಯಿತು. ಕಾಲ್ ಮಾಡಬೇಕಿತ್ತು.

ಕೊಡಚಾದ್ರಿ ಕಡೆಯವ · 11:40

ಒಂಬತ್ತು-ಏಳು ಎಲ್ಲಿ ಹೋಯಿತು ಮಾರಾಯ್ರೆ? ಅದೂ ಎರಡು ಜೋಡಿಯೇ. ಇನ್ನೊಂದು 9 ರೀತಿ.

ಮೈಲುತುತ್ತ · 11:48

ಅಯ್ಯೋ ಹೌದು. 59 ಆಯಿತು. ಐದು ಚಿಲ್ಲರೆ ಬೇಕಿದ್ದದ್ದು ಆರು ಆಯಿತು. ಈಗ ಹತ್ತು-ಒಂಬತ್ತರ ಅರ್ಧ ಅಂದರೆ ಅಲ್ಲಿಗಲ್ಲಿಗೆ. ಆದರೂ ಎಲ್ಲ ಒಂಬತ್ತು-ಏಳನ್ನೂ ಹಿಡಿದು ರೇಸಿಗೆ ಕಾಲ್ ಮಾಡುವಷ್ಟು ಸಡಿಲ ಕೈಯವರಾ ಮೇಷ್ಟ್ರು? ಜಗಲಿಕಟ್ಟೆಯವರೇ ಹೇಳಬೇಕು.

ಜಗಲಿಕಟ್ಟೆ · ಮಧ್ಯಾಹ್ನ 1:05

ಕಾಲ್ ಮಾಡುವುದರಲ್ಲಿ ಅವರದ್ದು ಧಾರಾಳ ಕೈ. ‘ಬೀಜ ತಾನೇ, ನಮ್ಮ ಹಿತ್ತಲಲ್ಲೇ ಮರ ಇದೆ’ ಅಂತಾರೆ. ರೇಸ್ ಮಾಡುವುದರಲ್ಲಿ ಮಾತ್ರ ಜಿಪುಣ.

ಹೊಸನಗರದ ಅಕ್ಕ · 2:30

ಎಲ್ಲರೂ ರಿವರ್ ರಿವರ್ ಅಂತ ಕೂತಿದ್ದೀರಿ. ತಪ್ಪಾದದ್ದು ಒಂದು ಹೆಜ್ಜೆ ಹಿಂದೆ.

ಟರ್ನ್‌ನಲ್ಲಿ ಮೇಷ್ಟ್ರು ರೇಸ್ ಮಾಡಿದಾಗ ನಿಮ್ಮ ಮುಂದೆ ಇದ್ದದ್ದು 4 ಬೀಜದ ಪ್ರಶ್ನೆ ಅಲ್ಲ, 8 ಬೀಜದ್ದು. ಅವರು ರಿವರಿನಲ್ಲಿ ಇನ್ನೊಂದು ಬೆಟ್ ಹಾಕೇ ಹಾಕುತ್ತಾರೆ ಅಂತ ನಿಮಗೂ ಗೊತ್ತಿತ್ತು. ನಡುವೆ 31, ಅವರು ಮುಂದೆ ಹಾಕುವ 4 ಸೇರಿ 35. ಅದಕ್ಕೆ ನಿಮ್ಮ 8. ಅಂದರೆ 43ರಲ್ಲಿ 8, ಸುಮಾರು 19%. ರಿವರಿನಲ್ಲಿ ಬೇಕಿದ್ದದ್ದರ ಎರಡರಷ್ಟು.

ಇನ್ನು ನಿಮ್ಮ ಕೈಗೆ ಏನು ಬರಬಹುದಿತ್ತು ನೋಡಿ. ಅವರದ್ದು ಸೀಕ್ವೆನ್ಸ್ ಆಗಿದ್ದರೆ ಯಾವ ಎಲೆ ಬಂದರೂ ನೀವು ಸತ್ತಂತೆಯೇ, ಎಕ್ಕ ಬಂದರೂ ಸಾಲದು. ಮೂರು ಒಂದೇ ಇದ್ದರೆ ಉಳಿದ ಎರಡು ಎಕ್ಕ ಮಾತ್ರ ನಿಮ್ಮ ನೆಂಟರು. ಎರಡು ಜೋಡಿ ಇದ್ದರೆ ಸ್ವಲ್ಪ ಜೀವ ಇದೆ. ಎಂಟು-ಏಳು ಅಂದುಕೊಳ್ಳಿ. ಎಕ್ಕ ಬಂದರೆ ಗೆಲುವು. ಒಂಬತ್ತು ಅಥವಾ ನಾಲ್ಕು ಬಂದು ನಡುವಿನ ಎಲೆ ಜೋಡಿಯಾದರೂ ಗೆಲುವು, ನಿಮ್ಮ ಎರಡು ಜೋಡಿ ದೊಡ್ಡದಾಗುತ್ತದೆ. ಎರಡು ಎಕ್ಕ, ಮೂರು ಒಂಬತ್ತು, ಮೂರು ನಾಲ್ಕು, ಒಟ್ಟು 8 ಎಲೆ. ಉಳಿದ 44ರಲ್ಲಿ 8.

ಮೈಲುತುತ್ತದವರ ಮೊದಲಿನ 50 ಇಟ್ಟುಕೊಂಡೇ ಲೆಕ್ಕ ಹಾಕಿದೆ. ಹತ್ತು-ಒಂಬತ್ತನ್ನು ಅರ್ಧ ಹಿಡಿದರೆ ಟರ್ನ್‌ನಲ್ಲಿ ನಿಮ್ಮ ಗೆಲುವು ಸುಮಾರು 14%. ಹನ್ನೆರಡೂ ಹಿಡಿದರೆ ಸುಮಾರು 20%. ಬೇಕಿದ್ದದ್ದು 19. ಅಂದರೆ ಮೇಷ್ಟ್ರು ಹತ್ತು-ಒಂಬತ್ತು ಬಂದಾಗಲೆಲ್ಲ ರೇಸ್ ಮಾಡುವ ಸ್ವಭಾವದವರಾದರೆ ಮಾತ್ರ ಕೊನೆತನಕ ಹೋಗಬಹುದಿತ್ತು. ನೀವೇ ಹೇಳ್ತೀರಿ, ಬೆರಳಲ್ಲಿ ಎಣಿಸಬಹುದು ಅಂತ.

ಹಾಗಾಗಿ ನನ್ನ ಮಾತು: ಟರ್ನ್‌ನಲ್ಲೇ ಬಿಡಬೇಕಿತ್ತು. ಅಲ್ಲಿ 4 ಕೊಟ್ಟು ಮುಂದೆ ಹೋದ ಮೇಲೆ ರಿವರಿನಲ್ಲಿ ಬಿಡಬಾರದಿತ್ತು. ನೀವು ಎರಡನ್ನೂ ಉಲ್ಟಾ ಮಾಡಿದ್ದೀರಿ.

ಬೀಜಗಣಿತ · 2:58

ಅಕ್ಕ, ಟರ್ನ್ ಬಗ್ಗೆ ಒಪ್ಪಿದೆ. ಆದರೆ ಟರ್ನ್‌ನಲ್ಲಿ ಕಾಲ್ ಮಾಡಿ ರಿವರಿನಲ್ಲಿ ಬಿಟ್ಟರೆ ತಪ್ಪೇ ಅನ್ನುವುದನ್ನು ಒಪ್ಪುವುದಿಲ್ಲ. ಟರ್ನ್‌ನಲ್ಲಿ ನಿಮ್ಮ ಆ 8 ಎಲೆಯ ಆಸೆ ಇತ್ತು. ರಿವರಿನಲ್ಲಿ ಆಟೀನ್ ಎರಡು ಬಿದ್ದಾಗ ಆಸೆ ಹೋಯಿತು. ಈಗ ಉಳಿದ ಪ್ರಶ್ನೆ ಒಂದೇ: ಹತ್ತು-ಒಂಬತ್ತು ಹಿಡಿದು, ಸೀಕ್ವೆನ್ಸ್ ಆಗದೆ ಹೋದ ಮೇಲೆ, ಮೇಷ್ಟ್ರು ಮತ್ತೆ 4 ಹಾಕುತ್ತಾರಾ? ಟರ್ನ್‌ನಲ್ಲಿ ಹುರುಪಿನಿಂದ ರೇಸ್ ಮಾಡಿದವರೂ ರಿವರಿನಲ್ಲಿ ತಣ್ಣಗೆ ಚೆಕ್ ಮಾಡುತ್ತಾರೆ. ಬರೀ ಒಂಬತ್ತರ ಜೋಡಿ ಅಲ್ವಾ ಉಳಿದದ್ದು.

ಸಾಗರದ ಸೀಗೆ · 3:10

ಬೆಳಿಗ್ಗೆ ಹತ್ತಕ್ಕೆ ಒಂದು ಸಲ ಗೆದ್ದರೂ ಲಾಭ ಅಂದವರು ಮಧ್ಯಾಹ್ನ ನನ್ನ ಕಡೆಗೇ ಬಂದರು. ಊಟ ಚೆನ್ನಾಗಿತ್ತು ಅಂತ ಕಾಣುತ್ತದೆ.

ಬೀಜಗಣಿತ · 3:14

ನಾನು ಯಾರ ಕಡೆಗೂ ಬಂದಿಲ್ಲ. ಲೆಕ್ಕ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗುತ್ತಿದ್ದೇನೆ.

ಅತಿಥಿ ಸದಸ್ಯ · 4:02

ಇದನ್ನು ದುಡ್ಡು ಹಾಕಿ ಆಡುವ ಒಳ್ಳೆ ಆ್ಯಪ್ ಯಾವುದು? ಲಿಂಕ್ ಇದ್ದರೆ ಹಾಕಿ.

ನಿರ್ವಾಹಕ · 4:20

ಇಲ್ಲಿ ಯಾವ ಆ್ಯಪಿನ ಹೆಸರೂ ಬೇಡ. ಆನ್‌ಲೈನ್ ಗೇಮಿಂಗ್ ಕಾಯ್ದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಪಾಸಾಗಿದೆ. ಕೌಶಲ ಅನ್ನಿ, ಅದೃಷ್ಟ ಅನ್ನಿ, ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟ ನಡೆಸುವಂತಿಲ್ಲ, ಜಾಹೀರಾತೂ ಹಾಕುವಂತಿಲ್ಲ. ಹುಣಸೆ ಬೀಜದ ಚರ್ಚೆ ಮುಂದುವರಿಸಿ.

ತುಂಗೆ ದಂಡೆ · 4:45

ನಿರ್ವಾಹಕರು ಹೇಳಿದ್ದು ಒಳ್ಳೆಯದಾಯಿತು. ನನ್ನ ತಮ್ಮ ಮೂರು ವರ್ಷ ಒಂದು ಆ್ಯಪಿನಲ್ಲಿ ಆಡಿದ. ಅವನ ಕಾಯಿಲೆ ಇದೇ ಆಗಿತ್ತು, ಎಲೆ ಬಿಡಲು ಆಗುತ್ತಿರಲಿಲ್ಲ. ‘ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ’ ಅಂತಿದ್ದ. ಅಡಿಕೆ ಬೇಣದ ದುಡ್ಡು ಅಲ್ಲಿಗೇ ಹೋಯಿತು. ಪಾಟ್ ದೊಡ್ಡದಿದೆ ಅಂತ ಕಾಲ್ ಮಾಡುವುದು ಬೇರೆ, ನಾನು ಹಾಕಿದ್ದು ಹೋಗುತ್ತದೆ ಅಂತ ಕಾಲ್ ಮಾಡುವುದು ಬೇರೆ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ನಡುವೆ ಬಿದ್ದ ಬೀಜ ಯಾರದ್ದೂ ಅಲ್ಲ. ಅದರಲ್ಲಿ ನನ್ನದೆಷ್ಟು ಅಂತ ಎಣಿಸಲೇಬಾರದು.

ಹೊಸನಗರದ ಅಕ್ಕ · 4:58

ಇದನ್ನು ಮೊದಲೇ ಹೇಳಬೇಕಿತ್ತು ಯಾರಾದರೂ. ತಮ್ಮ ಈಗ ಹೇಗಿದ್ದಾನೆ?

ತುಂಗೆ ದಂಡೆ · 5:06

ಬಿಟ್ಟಿದ್ದಾನೆ ಅಕ್ಕ. ಶಿವಮೊಗ್ಗದಲ್ಲಿ ಕೆಲಸ. ಫೋನು ಬಟನ್‌ದು.

ಹಾಸ್ಟೆಲ್ ರೂಮು · ರಾತ್ರಿ 9:15

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಇದರ ಬಗ್ಗೆ ಕ್ಲಾಸಿನಲ್ಲಿ ಒಂದು ಸೆಮಿನಾರ್ ಕೊಟ್ಟಿದ್ದೆ, ಹಾಗಾಗಿ ಬಾಯಿ ಹಾಕುತ್ತೇನೆ.

ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್‌ಗೆ ಹೆಚ್ಚುಕಡಿಮೆ ಪೂರ್ತಿ ಉತ್ತರ ಸಿಕ್ಕಿಬಿಟ್ಟಿದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಪ್ರೋಗ್ರಾಮಿನ ಹೆಸರು ಸೆಫಿಯಸ್. ಸುಮಾರು 4,800 ಪ್ರೊಸೆಸರ್‌ಗಳು 68 ದಿನ ಓಡಿದವು. ಜೀವಮಾನವಿಡೀ ಕೂತು ಆಡಿದರೂ ಅದನ್ನು ಮನುಷ್ಯ ಸೋಲಿಸಿದ ಅಂತ ನಿಶ್ಚಯವಾಗಿ ಹೇಳಲು ಆಗದಷ್ಟು ಚೆನ್ನಾಗಿ ಆಡುತ್ತದೆ.

ಅದು ಕಲಿತ ರೀತಿ ನನಗೆ ತುಂಬಾ ಇಷ್ಟ. ಯಾರೂ ಆಡುವುದು ಹೇಗೆ ಅಂತ ಹೇಳಿಕೊಡಲಿಲ್ಲ. ತನ್ನ ಜೊತೆಗೆ ತಾನೇ ಆಡಿತು. ಪ್ರತಿ ಕಡೆಯೂ ‘ಇಲ್ಲಿ ಬಿಡುವ ಬದಲು ಕಾಲ್ ಮಾಡಿದ್ದರೆ ಎಷ್ಟು ಉಳಿಯುತ್ತಿತ್ತು’ ಅಂತ ಲೆಕ್ಕ ಇಟ್ಟುಕೊಂಡಿತು. ಆ ಲೆಕ್ಕಕ್ಕೆ ಅವರು ಇಟ್ಟ ಹೆಸರೇ ಪಶ್ಚಾತ್ತಾಪ. ಪಶ್ಚಾತ್ತಾಪ ಎಲ್ಲಿ ಜಾಸ್ತಿಯೋ ಮುಂದಿನ ಸಲ ಆ ದಾರಿಯನ್ನು ಜಾಸ್ತಿ ಹಿಡಿಯುವುದು. ಜಗಲಿಕಟ್ಟೆಯವರು ರಾತ್ರಿ ನಿದ್ದೆ ಬಿಟ್ಟು ಮಾಡಿದ್ದು ಅದನ್ನೇ, ಸ್ವಲ್ಪ ನಿಧಾನವಾಗಿ.

ಆ ಕಡೆಯಿಂದ ನೋಡಿದರೆ ಹೀಗೆ. ನಡುವೆ 35 ಇದೆ, ಮೇಷ್ಟ್ರು 4 ಹಾಕಿದರು. ನೀವು ಹತ್ತಕ್ಕೆ ಒಂದಕ್ಕಿಂತ ಜಾಸ್ತಿ ಸಲ ಬಿಟ್ಟರೆ, ಅವರು ಕೈಯಲ್ಲಿ ಏನಿದೆ ಅಂತ ನೋಡದೆಯೇ ಬೆಟ್ ಹಾಕಿ ಲಾಭ ಮಾಡಬಹುದು. ಹಾಗಾಗಿ ನಿಮ್ಮ ಕೈಗೆ ಬರಬಹುದಾದ ಎಲೆಗಳಲ್ಲಿ ಕೆಳಗಿನ ಹತ್ತನೇ ಒಂದು ಭಾಗ ಮಾತ್ರ ಬಿಡಬೇಕು. ಜೋಡಿ ಎಕ್ಕ ಆ ಭಾಗದಲ್ಲಿ ಬರುವುದೇ ಇಲ್ಲ. ಮೆಷಿನ್ ಇಲ್ಲಿ ಕಣ್ಣು ಮುಚ್ಚಿ ಕಾಲ್ ಮಾಡುತ್ತದೆ ಅಂತ ನನ್ನ ಅಂದಾಜು.

ಕೊಡಚಾದ್ರಿ ಕಡೆಯವ · 9:40

ತಮ್ಮಾ, ಮೆಷಿನ್ ಆಡುವುದು ತನ್ನಷ್ಟೇ ಚುರುಕಾದವರ ಎದುರಿಗೆ. ನಮ್ಮ ಮೇಷ್ಟ್ರು ಮಧ್ಯಾಹ್ನ ಮಲಗಿ ಎದ್ದು ಬಂದವರು. ಸುಳ್ಳು ಬೆಟ್ಟೇ ಹಾಕದವರ ಎದುರು ಸುಳ್ಳು ಹಿಡಿಯಲು ಯಾಕೆ ಕೂರಬೇಕು?

ಹಾಸ್ಟೆಲ್ ರೂಮು · 9:47

ಅದೂ ಸರಿಯೇ ಅಣ್ಣ. ಮೆಷಿನ್ ಗುರಿ ಸೋಲದೇ ಇರುವುದು, ಎದುರಿನವರ ದೌರ್ಬಲ್ಯ ಹಿಂಡುವುದಲ್ಲ. ಮೇಷ್ಟ್ರ ಸ್ವಭಾವ ಖಾತ್ರಿ ಗೊತ್ತಿದ್ದರೆ ಮೆಷಿನ್ ಮಾತು ಬಿಡಬಹುದು. ಖಾತ್ರಿ ಇಲ್ಲದಿದ್ದರೆ ಕೇಳಬೇಕು.

ರಾಶಿ ಇಡಿ · 10:20

ಅಡಿಕೆ ಮಂಡಿಯ ಬುದ್ಧಿಯಿಂದ ಹೇಳುತ್ತೇನೆ. ಒಳ್ಳೆ ರಾಶಿ ಕೈಯಲ್ಲಿದೆ ಅಂದರೆ ಕಟ್ಟಿಡು. ರೇಟು ಇವತ್ತಲ್ಲ ನಾಳೆ ಬರುತ್ತದೆ. ಎಕ್ಕವೂ ಹಾಗೇ.

ಮೈಲುತುತ್ತ · 10:31

ಹೋಲಿಕೆ ಕೂರುವುದಿಲ್ಲ. ಅಡಿಕೆ ಕಟ್ಟಿಟ್ಟರೆ ನಾಳೆಯೂ ಅಡಿಕೆಯೇ. ಟರ್ನ್‌ನಲ್ಲಿ ಏಳು ಬಿದ್ದ ಮೇಲೆ ಆ ಎಕ್ಕ ಮೊದಲಿನ ಎಕ್ಕ ಅಲ್ಲ. ಬೆಳಿಗ್ಗೆ ರಾಶಿ ಇದ್ದದ್ದು ಸಂಜೆಗೆ ಕಡಿಮೆ ದರದ ಗೊರಬಲು ಆದ ಹಾಗೆ. ಎಲೆ ಅದೇ, ಬೆಲೆ ಬೇರೆ. ಮೊದಲ ಎರಡೆಲೆ ನೋಡಿದಾಗಿನ ಖುಷಿಯಲ್ಲೇ ಕೊನೆತನಕ ಕೂರುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡುತ್ತೇನೆ.

ಹೊಸನಗರದ ಅಕ್ಕ · ಸೋಮವಾರ, ಬೆಳಿಗ್ಗೆ 6:30

ಇನ್ನೊಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಎದುರಿಗೆ ಒಬ್ಬರೇ ಇದ್ದರೆ ಒಂದು ಲೆಕ್ಕ, ಇಬ್ಬರು ಇದ್ದರೆ ಬೇರೆಯದೇ ಲೆಕ್ಕ.

ಹೋದ ತಿಂಗಳು ನನ್ನದೇ ಕೈ. ನಾವೂ ಇದೇ 2-4 ಲೆಕ್ಕದಲ್ಲಿ ಆಡುವುದು, ಬೀಜದ ಬದಲು ಗುಲಗಂಜಿ. ನನಗೆ ಆಟೀನ್ ರಾಣಿ, ಡೈಮನ್ ರಾಣಿ. ಫ್ಲಾಪ್‌ನಲ್ಲಿ ಇಸ್ಪೀಟು ರಾಣಿ ಬಂತು. ಮೂರು ರಾಣಿ! ಇಬ್ಬರು ಬಿಡದೆ ಬಂದರು. ರಿವರಿನ ಹೊತ್ತಿಗೆ ನಡುವೆ ನಾಲ್ಕು ಇಸ್ಪೀಟು, 48 ಗುಲಗಂಜಿ. ನನ್ನ ಮುಂಚೆಯೇ ಒಬ್ಬರು 4 ಹಾಕಿದರು, ಇನ್ನೊಬ್ಬರು ರೇಸ್ ಮಾಡಿ 8. ಈಗ 60ಕ್ಕೆ ನಾನು 8 ಕೊಡಬೇಕು. ಬೇಕಾದದ್ದು 12%ಕ್ಕೂ ಕಡಿಮೆ. ಕೇಳಲು ಅಗ್ಗ.

ಆದರೆ ಯಾರ ಕೈಯಲ್ಲಾದರೂ ಒಂದೇ ಒಂದು ಇಸ್ಪೀಟು ಇದ್ದರೆ ಐದು ಇಸ್ಪೀಟು ಆಗುತ್ತದೆ, ಅದು ಮೂರು ರಾಣಿಗಿಂತ ದೊಡ್ಡದು. ಹೊರಗೆ ಇನ್ನೂ 9 ಇಸ್ಪೀಟು ಇವೆ, ನನಗೆ ಕಾಣದ 45 ಎಲೆಯಲ್ಲಿ. ಅವರಿಬ್ಬರಿಗೂ ಕಣ್ಣು ಮುಚ್ಚಿ ಎರಡೆರಡು ಎಲೆ ಹಂಚಿದರೂ ಇಬ್ಬರಲ್ಲಿ ಒಬ್ಬರಿಗಾದರೂ ಇಸ್ಪೀಟು ಇರುವ ಸಾಧ್ಯತೆ ಸುಮಾರು 60%. ಅದೂ ಬೆಟ್ಟೂ ಇಲ್ಲ, ರೇಸೂ ಇಲ್ಲ ಅಂದಾಗಿನ ಲೆಕ್ಕ. ಒಬ್ಬರು ಹಾಕಿ, ಮೇಲೆ ಇನ್ನೊಬ್ಬರು ಏರಿಸಿದ ಮೇಲೆ ಇಬ್ಬರೂ ಸುಳ್ಳು ಹೇಳುತ್ತಿರಬೇಕು ಅಂದರೆ ನಂಬುವ ಮಾತಲ್ಲ. ನಾನು ಮೂರು ರಾಣಿ ಕೆಳಗಿಟ್ಟೆ. ಒಬ್ಬರ ಹತ್ತಿರ ಇಸ್ಪೀಟು ಎಕ್ಕ, ಇನ್ನೊಬ್ಬರ ಹತ್ತಿರ ಇಸ್ಪೀಟು ಗುಲಾಮ.

ಒಬ್ಬರು ಬೆಟ್ ಹಾಕಿ ಇನ್ನೊಬ್ಬರು ಬರೀ ಕಾಲ್ ಮಾಡಿದಾಗಲೂ ಹುಷಾರಾಗಿರಬೇಕು. ಸುಳ್ಳು ಹಿಡಿಯುವ ಕೆಲಸವನ್ನು ಆ ಕಾಲ್ ಮಾಡಿದವರು ಆಗಲೇ ವಹಿಸಿಕೊಂಡಿದ್ದಾರೆ. ನೀವು ಬೆಟ್ ಹಾಕಿದವರನ್ನಷ್ಟೇ ಅಲ್ಲ, ಅವರನ್ನೂ ಸೋಲಿಸಬೇಕು.

ಸಾಗರದ ಸೀಗೆ · 7:02

ಅಕ್ಕ ಮೂರು ರಾಣಿ ಬಿಟ್ಟರೆ ಚಪ್ಪಾಳೆ. ನಾನು ಎರಡು ಎಕ್ಕ ಬಿಡು ಅಂದರೆ ಬೈಗುಳ.

ಹದಿಮೂರೆಲೆ · 7:20

ಭಾವ ಮೊದಲೇ ಎಲೆ ಬಿಟ್ಟರಲ್ಲ, ಅವರನ್ನು ಕೇಳಿದಿರಾ ಅವರ ಕೈಯಲ್ಲಿ ಏನಿತ್ತು ಅಂತ? ಅವರ ಹತ್ತಿರ ಒಂದು ಗುಲಾಮ, ಒಂದು ಹತ್ತು ಇದ್ದಿದ್ದರೆ ಮೇಷ್ಟ್ರ ಹದಿನಾರು ರೀತಿ ಒಂಬತ್ತಕ್ಕೆ ಇಳಿಯುತ್ತಿತ್ತು.

ಬೀಜಗಣಿತ · 7:33

ಗುಲಾಮ-ಹತ್ತು ಇದ್ದಿದ್ದರೆ ಭಾವ ಬಿಡುತ್ತಿದ್ದರಾ ಸ್ವಾಮಿ, ಅವರದ್ದೇ ಸೀಕ್ವೆನ್ಸ್ ಆಗಿತ್ತಲ್ಲ!

ಹದಿಮೂರೆಲೆ · 7:36

ಓ. ರಮ್ಮಿಗೆ ವಾಪಸ್ ಹೋಗುತ್ತೇನೆ.

ಜಗಲಿಕಟ್ಟೆ · ಮುಂದಿನ ಭಾನುವಾರ, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಈ ಚರ್ಚೆಯ ದಾರವನ್ನು ಅತ್ತಿಗೆ ಮೇಷ್ಟ್ರಿಗೆ ಓದಿ ಹೇಳಿದ್ದಾರೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರಂತೆ. ನಿನ್ನೆ ಬಂದವರಿಗೆ ನಾನೇ ಕೇಳಿದೆ, ‘ಮೇಷ್ಟ್ರೇ, ಅವತ್ತು ಏನಿತ್ತು ಹೇಳಿಬಿಡಿ, ಊರಿಗೆ ಊರೇ ಲೆಕ್ಕ ಹಾಕುತ್ತಿದೆ.’

‘ನೋಡಲಿಕ್ಕೆ ರೇಟು ಹಾಕಿತ್ತಲ್ಲ ಮಾರಾಯ, ನಾಲ್ಕು ಬೀಜ’ ಅಂದರು. ಅಷ್ಟೇ. ಭಾವ ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ.

ನಿನ್ನೆ ಎರಡು ಕೈ ಹೇಳಬೇಕು. ಮೊದಲನೆಯದರಲ್ಲಿ ನನಗೆ ರಾಜನ ಜೋಡಿ ಆಗಿತ್ತು. ಟರ್ನ್‌ನಲ್ಲಿ ಮೇಷ್ಟ್ರು ಮತ್ತೆ ರೇಸ್! ಎರಡು ವಾರದಲ್ಲಿ ಎರಡು ಸಲ. ಅಕ್ಕ ಹೇಳಿದ ಹಾಗೆ ಅಲ್ಲೇ ನಿಂತು ಎಂಟು ಬೀಜದ ಲೆಕ್ಕ ಹಾಕಿದೆ. ಬಿಡಬೇಕು ಅಂತ ಬಂತು. ಬಿಡಲಿಲ್ಲ. ಎಂಟೂ ಕೊಟ್ಟೆ. ಅವರು ಮೂರು ಆರು ತೋರಿಸಿದರು. ಈ ಸಲ ತಾವಾಗಿಯೇ, ನಿಧಾನವಾಗಿ, ಒಂದೊಂದೇ ಎಲೆ.

ಎರಡನೆಯದು ಅತ್ತಿಗೆಯ ಜೊತೆ. ಕೊನೆಗೆ ಅವರು ಬೆಟ್ ಹಾಕಿದರು, ನನ್ನ ಹತ್ತಿರ ಬರೀ ಎಂಟರ ಜೋಡಿ. ನಡುವೆ 31. ಕಾಲ್ ಮಾಡಿದೆ. ಅವರ ಹತ್ತಿರ ಏನೂ ಇರಲಿಲ್ಲ. ‘ದಾರ ಓದಿದ ಮೇಲೆ ನೀನು ಎಲ್ಲದಕ್ಕೂ ಎಲೆ ಬಿಡುತ್ತೀಯ ಅಂದುಕೊಂಡೆ’ ಅಂದರು.

ಸಾಗರದ ಸೀಗೆ · 8:25

ಮೂರು ಆರು ಅಂದರೆ ನನ್ನ ಮಾತೇ ನಿಜ ಆಯಿತು. ಮೇಷ್ಟ್ರು ರೇಸ್ ಮಾಡಿದರೆ ಎದ್ದು ನಿಲ್ಲಬೇಕು.

ಬೀಜಗಣಿತ · 8:31

ಒಂದು ಕೈ ನೋಡಿ ಏನೂ ಹೇಳಲು ಬರುವುದಿಲ್ಲ. ಎರಡು ವರ್ಷ ಸುಮ್ಮನಿದ್ದವರು ಎರಡು ವಾರದಲ್ಲಿ ಎರಡು ರೇಸ್ ಮಾಡಿದ್ದಾರೆ. ಇದೇ ಬೇರೆ ವಿಷಯ. ಅವರು ಬದಲಾಗಿದ್ದಾರೆ. ಮುಂದಿನ ವಾರ ಕಾಲ್ ಮಾಡಿ.

ಹೊಸನಗರದ ಅಕ್ಕ · 8:50

ಅಥವಾ ಈ ದಾರ ಓದಿಸಿಕೊಂಡು ಬದಲಾಗಿದ್ದಾರೆ. ಅವರ ಎದುರು ನೀವು ಎಲೆ ಬಿಡುತ್ತೀರಿ ಅಂತ ಈಗ ಅವರಿಗೂ ಗೊತ್ತು. ಇನ್ನು ಮುಂದೆ ಅತ್ತಿಗೆ ಇದನ್ನು ಓದದ ಹಾಗೆ ನೋಡಿಕೊಳ್ಳಿ.

ಮೈಲುತುತ್ತ · 9:05

ಕೊನೆಗೆ ಎಷ್ಟು ಬೀಜ ಉಳಿಯಿತು?

ಜಗಲಿಕಟ್ಟೆ · 9:12

61. ಎಲ್ಲರಿಗಿಂತ ಕಡಿಮೆ. ಬರುವ ಶನಿವಾರ ಹಪ್ಪಳ ಸುಡುವುದು ನಾನೇ. ಸೌದೆ ಎಲ್ಲ ಹಸಿ, ಕೆಂಡ ಆಗುತ್ತಿಲ್ಲ. ಗ್ಯಾಸಿನ ಮೇಲೆ ಸುಟ್ಟರೆ ಮೇಷ್ಟ್ರು ತಿನ್ನುವುದಿಲ್ಲವಂತೆ.